ಗುಳೆ ಹೋಗುವಾಗ ಹೆಣ್ಣಿನ ಹೆಸರು ಎಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಿಜಯಪುರ ಜಿಲ್ಲೆಯವಳು. ನನ್ನ ಅವ್ವ 16 ಹಂಗಾಮು ಗುಳೆ ಹೋಗಿ, ಅಂದರೆ ದುಡಿಮೆಗಾಗಿ ಊರು ಬಿಟ್ಟು ಹೋಗಿ, ಕಬ್ಬು ಕಡಿದಳು. ಅಥಣಿ, ರಾಯಬಾಗ, ಮುಧೋಳ, ಒಮ್ಮೊಮ್ಮೆ ಸಾಂಗಲಿ ಕಡೆ. ಅಷ್ಟು ವರ್ಷದಲ್ಲಿ ಯಾವ ವಹಿಯಲ್ಲೂ ಅವಳ ಹೆಸರು ಇರಲಿಲ್ಲ. ಅಪ್ಪನ ಹೆಸರಿನ ಮುಂದೆ 'ಜೋಡಿ' ಅಂತ ಬರೆದಿರುತ್ತಿದ್ದರು. ಆ 'ಜೋಡಿ'ಯೇ ನನ್ನ ಅವ್ವ.

ಮುಂದಿನ ಪ್ರಶ್ನೆಗಳು ಮಹಿಳಾ ಸಂಘದ ಸಭೆಗಳಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರಿಂದ, ಕಾಗದ ಬರೆದವರಿಂದ ಬಂದವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದ್ದು

ಗುಳೆ ಅಂದ್ರ ಗುಳೆ. ಅದರಾಗ ಗಂಡು ಬ್ಯಾರೆ, ಹೆಣ್ಣು ಬ್ಯಾರೆ ಅಂತ ಯಾಕ ಹೇಳ್ತೀರಿ?

ಬಸ್ಸು ಒಂದೇ, ಗುಡಿಸಲು ಒಂದೇ. ಆದರೆ ದಿನ ಒಂದೇ ಅಲ್ಲ. ಗಂಡಸು ಕೆಲಸಕ್ಕೆ ಹೋಗಿ ಬಂದು ಕೂರುತ್ತಾನೆ. ಹೆಂಗಸು ಅದೇ ಕೆಲಸಕ್ಕೆ ಹೋಗುವ ಮೊದಲು ನೀರು ತಂದಿರುತ್ತಾಳೆ, ರೊಟ್ಟಿ ಬಡಿದಿರುತ್ತಾಳೆ. ಬಂದ ಮೇಲೆ ಮತ್ತೆ ಒಲೆ ಮುಂದೆ ಇರುತ್ತಾಳೆ. ಊರಲ್ಲಿದ್ದರೆ ಅತ್ತೆಯೋ ನೆರೆಯವಳೋ ಕೂಸು ನೋಡುತ್ತಾರೆ. ಬೇರೆಯವರ ಹೊಲದ ಬದುವಿನಲ್ಲಿ ಯಾರು ನೋಡಬೇಕು?

ಇನ್ನು ಲೆಕ್ಕದ ವಿಷಯ. ಯಾರು ಹೋಗಬೇಕು, ಯಾವಾಗ ಹೋಗಬೇಕು, ಮುಂಗಡ ಎಷ್ಟು, ದುಡ್ಡು ಯಾರ ಕೈಗೆ ಅನ್ನೋದನ್ನೆಲ್ಲ ಗಂಡಸರು ಕೂತು ಮಾತಾಡುತ್ತಾರೆ. ಹೆಂಗಸಿಗೆ ಗೊತ್ತಾಗುವುದು ಗಂಟು ಕಟ್ಟುವ ಹೊತ್ತಿಗೆ. ಅದಕ್ಕೇ ಬೇರೆ ಬೇರೆಯಾಗಿ ನೋಡಬೇಕು.

ಮದುವೆಯಾಗಿ ಗಂಡನ ಊರಿಗೆ ಬಂದವಳೂ ವಲಸಿಗಳಾ?

ಹೌದು. ಸರಕಾರದ ಲೆಕ್ಕದಲ್ಲಿ ಮೊದಲಿದ್ದ ಊರು ಬಿಟ್ಟು ಬೇರೆ ಊರಲ್ಲಿ ನೆಲೆಸಿದವರೆಲ್ಲ ವಲಸಿಗರು. 2011ರ ಜನಗಣತಿ ಪ್ರಕಾರ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರಿದ್ದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೆಣ್ಣುಮಕ್ಕಳು. 2020-21ರ ಕೇಂದ್ರ ಸರಕಾರದ ಕಾರ್ಮಿಕ ಸಮೀಕ್ಷೆಯಲ್ಲಿ 100 ಹೆಣ್ಣುಮಕ್ಕಳಲ್ಲಿ ಸುಮಾರು 48 ಮಂದಿ ವಲಸಿಗರು, 100 ಗಂಡಸರಲ್ಲಿ ಸುಮಾರು 11 ಮಂದಿ. ವಲಸೆ ಬಂದ ಹೆಣ್ಣುಮಕ್ಕಳಲ್ಲಿ ಶೇ. 87ರಷ್ಟು ಮಂದಿಯ ಮುಂದೆ ಬರೆದಿರುವ ಕಾರಣ 'ಮದುವೆ'.

ಈ ಒಂದು ಪದದೊಳಗೆ ಎಷ್ಟೋ ವಿಷಯ ಮುಚ್ಚಿಹೋಗುತ್ತದೆ. ಸಮೀಕ್ಷೆ ಮಾಡುವವರು ಒಬ್ಬರಿಗೆ ಒಂದೇ ಮುಖ್ಯ ಕಾರಣ ಬರೆದುಕೊಳ್ಳುತ್ತಾರೆ. ಸಿಂದಗಿಯ ಹುಡುಗಿ ಪುಣೆಯಲ್ಲಿ ಗಾರೆ ಕೆಲಸ ಮಾಡುವವನನ್ನು ಮದುವೆಯಾಗಿ, ಮರುವಾರದಿಂದ ತಾನೂ ಬುಟ್ಟಿ ಹೊತ್ತಳು ಅನ್ನಿ. ಕಾಗದದಲ್ಲಿ ಅವಳು ಮದುವೆಯಾಗಿ ಬಂದವಳು. ದುಡಿಯಲು ಬಂದವಳು ಅಂತ ಎಲ್ಲೂ ಇಲ್ಲ. ಇನ್ನೊಂದು ಕೊರತೆಯೂ ಇದೆ. ಇಂಥ ಲೆಕ್ಕಗಳು ಆರು ತಿಂಗಳಾದರೂ ಒಂದು ಕಡೆ ಇದ್ದವರನ್ನೇ ಮುಖ್ಯವಾಗಿ ಹಿಡಿಯುತ್ತವೆ. ದೀಪಾವಳಿ ಮುಗಿಸಿ ಹೋಗಿ ಯುಗಾದಿ ಹೊತ್ತಿಗೆ ತಿರುಗಿ ಬರುವ ನಮ್ಮ ಮಂದಿ ಅದರಲ್ಲಿ ಸರಿಯಾಗಿ ಸಿಗುವುದೇ ಇಲ್ಲ.

ನಮ್ಮ ಮೂರು ಜಿಲ್ಲೆಯಿಂದ ಯಾರು ಎಲ್ಲಿಗೆ ಹೋಗ್ತಾರೆ?

ವಿಜಯಪುರದ ಒಣ ತಾಲ್ಲೂಕುಗಳಿಂದ, ಅದರಲ್ಲೂ ಲಂಬಾಣಿ ತಾಂಡಾಗಳಿಂದ, ಗೋವಾ, ಪುಣೆ, ಮುಂಬೈ, ರತ್ನಾಗಿರಿ, ಬೆಂಗಳೂರು, ಘಟ್ಟದ ಕೆಳಗೆ ಮಂಗಳೂರು-ಉಡುಪಿ. ಬಾಗಲಕೋಟೆಯಿಂದಲೂ ಹೆಚ್ಚು ಕಡಿಮೆ ಹಾಗೇ. ಬೆಳಗಾವಿ ಮತ್ತು ಕೃಷ್ಣಾ ತೀರದ ಬಾಗಲಕೋಟೆ ಕಬ್ಬಿನ ಸೀಮೆ. ಅಲ್ಲಿಗೆ ಕಡಿಯುವ ಟೋಳಿಗಳು, ಅಂದರೆ ಕೂಲಿಗಳ ಗುಂಪುಗಳು, ಹೊರಗಿನಿಂದ ಬರುತ್ತವೆ. ಹೀಗಾಗಿ ನಮ್ಮದು ಮಂದಿ ಕಳಿಸುವ ಸೀಮೆಯೂ ಹೌದು, ಕರೆಸಿಕೊಳ್ಳುವ ಸೀಮೆಯೂ ಹೌದು.

ಗಂಡಸರು ಒಂಟಿಯಾಗಿಯೂ ಹೋಗುತ್ತಾರೆ. ಹೆಂಗಸರು ಬಹುತೇಕ ಗಂಡನ ಜೊತೆ, ಇಲ್ಲ ಅಣ್ಣತಮ್ಮಂದಿರ ಜೊತೆ. ಒಬ್ಬಳೇ ಹೋಗುವವರು ಹೆಚ್ಚಾಗಿ ಗಂಡ ತೀರಿಹೋದವರು, ಗಂಡ ಬಿಟ್ಟವರು, ಈಗೀಗ ನರ್ಸಿಂಗ್ ಕಲಿತ ಅಥವಾ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಸೇರಿದ ಹುಡುಗಿಯರು.

## ಕೆಲಸ, ಕೂಲಿ, ಮುಂಗಡ

ಕಬ್ಬು ಕಡಿಯಾಕ ಜೋಡಿನೇ ಯಾಕ ಬೇಕಂತಾರ?

ಕಬ್ಬು ಕಡಿಯುವುದು ಒಬ್ಬರ ಕೆಲಸ ಅಲ್ಲ. ಒಬ್ಬರು ಬುಡಕ್ಕೆ ಕಡಿಯುತ್ತಾ ಹೋಗಬೇಕು. ಹಿಂದೆಯೇ ಇನ್ನೊಬ್ಬರು ರವದಿ, ಅಂದರೆ ಒಣಗಿದ ಎಲೆ, ಬಿಡಿಸಿ, ತುದಿಯ ಸೋಗೆ ತೆಗೆದು, ಹೊರೆ ಕಟ್ಟಬೇಕು. ಆಮೇಲೆ ಆ ಹೊರೆಯನ್ನು ತಲೆ ಮೇಲೆ ಹೊತ್ತು, ಹಲಗೆ ಹತ್ತಿ, ಟ್ರ್ಯಾಕ್ಟರ್ ಟ್ರೇಲರ್ ತುಂಬಬೇಕು. ಕಡಿಯುವವನು ಗಂಡ, ಉಳಿದದ್ದರಲ್ಲಿ ಹೆಚ್ಚಿನದು ಹೆಂಡತಿ. ಗಾಡಿ ಯಾವಾಗ ಬರುತ್ತದೆ ಅನ್ನೋದು ಕಾರ್ಖಾನೆಯ ಸರದಿ ಮೇಲೆ. ರಾತ್ರಿ 2 ಗಂಟೆಗೆ ಬಂದರೂ ಎದ್ದು ತುಂಬಬೇಕು.

ಮಹಾರಾಷ್ಟ್ರದ ಕಡೆ ಗಂಡ-ಹೆಂಡತಿ ಇಬ್ಬರೂ ಸೇರಿ 'ಒಂದು ಕೊಯ್ತಾ'. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಒಬ್ಬರೇ ಬಂದರೆ ಅರ್ಧ ಕೊಯ್ತಾ. ಎರಡು ಜೀವಕ್ಕೆ ಒಂದು ಕತ್ತಿಯ ಹೆಸರು, ಆ ಕತ್ತಿ ಹಿಡಿದವನು ಗಂಡ. ಕೂಲಿ ಟನ್ನಿನ ಲೆಕ್ಕ. ಹೆಂಡತಿಯ ಪಾಲು ಎಷ್ಟು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ, ಕೇಳುವುದೂ ಇಲ್ಲ. ನಮ್ಮ ಕಡೆ ಮಾತು ಬೇರೆ ಇರಬಹುದು, ರೀತಿ ಅದೇ.

ಇದರ ಪರಿಣಾಮ ಹೊಲದಲ್ಲಿ ಮಾತ್ರ ಇರುವುದಿಲ್ಲ. ಜೋಡಿಗೆ ಮುಂಗಡ ಜಾಸ್ತಿ ಅಂದರೆ ಹುಡುಗನಿಗೆ ಬೇಗ ಹೆಂಡತಿ ಬೇಕು. ಮನೆಯಲ್ಲಿ ಬೆಳೆದ ಮಗಳನ್ನು ಒಂಟಿ ಬಿಟ್ಟು ಹೋಗಲು ಭಯ ಅಂದರೆ ಅವಳಿಗೂ ಬೇಗ ಮದುವೆ. ದಸರೆಗಿಂತ ಮುಂಚೆ ನಡೆಯುವ ಕೆಲವು ಮದುವೆಗಳನ್ನು ನೋಡಿದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಕರ್ನಾಟಕದಲ್ಲಿ 18 ತುಂಬದ ಹುಡುಗಿಯ ಮದುವೆಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ, ಅದು ಮದುವೆಯೇ ಅಲ್ಲ. ಯಾರಿಗಾದರೂ ಇಂಥದ್ದು ಗೊತ್ತಾದರೆ 1098ಕ್ಕೆ ಫೋನ್ ಮಾಡಿ.

ಮುಂಗಡ ಇಸ್ಕೊಂಡಾಂವ ನನ್ನ ಗಂಡ. ಅದನ್ನ ನಾ ಯಾಕ ತೀರಿಸಬೇಕು?

ಇದು ಬಹಳ ಜನ ಮೆಲ್ಲಗೆ, ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆ. ನೀವು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕದ ಸಾಲಕ್ಕೆ ನಿಮ್ಮ ದುಡಿಮೆಯನ್ನು ಒತ್ತೆ ಹಿಡಿಯಲು ಯಾರಿಗೂ ಹಕ್ಕಿಲ್ಲ. ಮುಂಗಡ ಕೊಟ್ಟಿದ್ದೇವೆ ಅಂತ ಊರಿಗೆ ಹೋಗಲು ಬಿಡದೆ ಇರುವುದು, ಹೆಂಡತಿಯನ್ನೋ ಮಗುವನ್ನೋ 'ಇಲ್ಲೇ ಇರಲಿ' ಅಂತ ಇಟ್ಟುಕೊಳ್ಳುವುದು, ಬೇರೆ ಕಡೆ ದುಡಿಯಲು ತಡೆಯುವುದು, ಇವೆಲ್ಲ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯೊಳಗೆ ಬರುತ್ತವೆ. ಜೀತ ಅಂತ ತೀರ್ಮಾನವಾದರೆ ಆ ಸಾಲವೇ ರದ್ದು. ದೂರನ್ನು ಜಿಲ್ಲಾಧಿಕಾರಿಗೋ ಉಪವಿಭಾಗಾಧಿಕಾರಿಗೋ ಕೊಡಬೇಕು. ಇಟ್ಟಂಗಿ ಭಟ್ಟಿಗೂ ಇದೇ ಕಾಯ್ದೆ.

ನಮ್ಮವರಿಗೆ ಒಂದು ತೊಡಕಿದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಅದನ್ನು ಸೇರಿಸಿಕೊಂಡಿರುವ 2020ರ ಕಾರ್ಮಿಕ ಸಂಹಿತೆಯಲ್ಲೂ ವಲಸೆ ಕಾರ್ಮಿಕರು ಅಂದರೆ ರಾಜ್ಯ ದಾಟಿದವರೇ. ಮುದ್ದೇಬಿಹಾಳದಿಂದ ರಾಯಬಾಗಕ್ಕೆ ಬಂದವಳು ಮನೆ ಬಿಟ್ಟು ಅಷ್ಟೇ ದೂರ ಇದ್ದರೂ ಆ ಲೆಕ್ಕಕ್ಕೆ ಬರುವುದಿಲ್ಲ. ಅವಳು ಕೂಲಿ, ಜೀತ, ಲೈಂಗಿಕ ಕಿರುಕುಳದ ಸಾಮಾನ್ಯ ಕಾಯ್ದೆಗಳನ್ನೇ ಹಿಡಿಯಬೇಕು.

ಗೌಂಡಿ (ಗಾರೆ ಮೇಸ್ತ್ರಿ) ಕೈಕೆಳಗ ಇಬ್ಬರೂ ಅಷ್ಟೇ ಹೊತ್ತು ದುಡೀತೀವಿ. ನಮಗ ಯಾಕ ಕಡಿಮಿ ಪಗಾರ?

ಕೇಳಿದರೆ 'ಹೆಣ್ಣಾಳು ಹಗುರ ಕೆಲಸ ಮಾಡ್ತಾಳೆ' ಅನ್ನುತ್ತಾರೆ. ಮೂರನೇ ಮಾಳಿಗೆಗೆ ಕಾಂಕ್ರೀಟ್ ಬುಟ್ಟಿ ಹೊತ್ತು ಹತ್ತುವುದು ಹಗುರ ಹೇಗಾಗುತ್ತದೆ? ಒಂದೇ ಥರದ ಕೆಲಸಕ್ಕೆ ಒಂದೇ ಕೂಲಿ ಅಂತ 1976ರಲ್ಲೇ ಕಾಯ್ದೆ ಬಂದಿದೆ. ಈಗ ಅದು 2019ರ ವೇತನ ಸಂಹಿತೆಯಲ್ಲಿ ಸೇರಿದೆ. ಊರಿನ ಉದ್ಯೋಗ ಖಾತ್ರಿ ಕೆಲಸದಲ್ಲಿ ಗಂಡಾಳು-ಹೆಣ್ಣಾಳಿಗೆ ಒಂದೇ ಕೂಲಿ ಇರುವುದನ್ನು ನೀವೇ ನೋಡಿದ್ದೀರಿ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಬುಟ್ಟಿ ಹೊರುತ್ತಾ ಬಂದ ಹುಡುಗ ನಾಲ್ಕು ವರ್ಷಕ್ಕೆ ಕರಣಿ ಹಿಡಿದು ಗೌಂಡಿ ಆಗುತ್ತಾನೆ. ಅವನ ಜೊತೆ ಬಂದ ಹುಡುಗಿ 20 ವರ್ಷ ಆದರೂ ಬುಟ್ಟಿಯಲ್ಲೇ ಇರುತ್ತಾಳೆ. ಅವಳಿಗೆ ಕೆಲಸ ಕಲಿಸುವುದೇ ಇಲ್ಲ.

ಒಂದು ಕೆಲಸ ಈಗಲೇ ಮಾಡಬಹುದು. ಕರ್ನಾಟಕದೊಳಗೆ ವರ್ಷಕ್ಕೆ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದ ಯಾರೇ ಆದರೂ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಗಂಡನ ಕಾರ್ಡ್ ಇದೆ, ಸಾಕು ಅಂತ ಸುಮ್ನೆ ಕೂರಬೇಡಿ. ನಿಮ್ಮ ಹೆಸರಿನ ಕಾರ್ಡ್ ಬೇರೆ ಮಾಡಿಸಿ. ಹೆರಿಗೆ ನೆರವು ಸಿಗುವುದು ಅದರ ಮೇಲೆ.

## ಮೈ, ಮಕ್ಕಳು

ಹೊಲದಾಗ ಇರೋವಾಗ ಮುಟ್ಟಾದ್ರ, ಬಸಿರಿದ್ರ ಏನ್ ಮಾಡೋದು? ಚೀಲ ತೆಗಿಸಿಕೊಂಡ್ರ ಚಲೋ ಅಂತಾರಲ್ಲ?

ದಯವಿಟ್ಟು ಅವಸರ ಮಾಡಬೇಡಿ. ಗರ್ಭಚೀಲ ತೆಗೆಸುವುದು ಮುಟ್ಟಿನ ಕಿರಿಕಿರಿಗೆ ಔಷಧಿ ಅಲ್ಲ.

2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಸರಕಾರವೇ ಸಮೀಕ್ಷೆ ಮಾಡಿಸಿತು. ಕಬ್ಬು ಕಡಿಯುವ ಸುಮಾರು 82 ಸಾವಿರ ಹೆಣ್ಣುಮಕ್ಕಳನ್ನು ಕೇಳಿದಾಗ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಚೀಲ ತೆಗೆಸಿಕೊಂಡಿದ್ದರು. ಕಾರಣ ಊಹಿಸುವುದು ಕಷ್ಟ ಅಲ್ಲ. ಒಂದು ದಿನ ಕೆಲಸ ತಪ್ಪಿದರೆ ದಂಡ ಹಿಡಿಯುತ್ತಾರೆ. ಕಕ್ಕಸು ಇಲ್ಲ, ಬಟ್ಟೆ ಒಗೆದು ಒಣಗಿಸಲು ಮರೆ ಇಲ್ಲ. ತಿಂಗಳುಗಟ್ಟಲೆ ಸೋಂಕು ಇಟ್ಟುಕೊಂಡು ದುಡಿದವಳಿಗೆ 'ಚೀಲ ಕೆಟ್ಟಿದೆ, ಮುಂದೆ ಕ್ಯಾನ್ಸರ್ ಆಗ್ತದ' ಅಂತ ಯಾರಾದರೂ ಹೆದರಿಸಿದರೆ ಅವಳು ಸಾಲ ಮಾಡಿಯಾದರೂ ಒಪ್ಪಿಕೊಳ್ಳುತ್ತಾಳೆ. ಆ ಸಾಲ ತೀರಿಸಲು ಮತ್ತೆ ಮುಂಗಡ. ಚಿಕ್ಕ ವಯಸ್ಸಿನಲ್ಲೇ ತೆಗೆಸಿಕೊಂಡವರಲ್ಲಿ ಮುಂದೆ ಸೊಂಟ ನೋವು, ಮೂಳೆ ಸವೆತ, ಮೈ ಬಿಸಿಯಾಗುವುದು, ನಿದ್ದೆ ಇಲ್ಲದಿರುವುದು ಬರಬಹುದು. ಅಂಡಾಶಯವನ್ನೂ ತೆಗೆದಿದ್ದರೆ ಇನ್ನೂ ಜಾಸ್ತಿ. ಯಾರಾದರೂ ಆಪರೇಷನ್ ಅಂದರೆ ಮೊದಲು ಸರಕಾರಿ ಆಸ್ಪತ್ರೆಯಲ್ಲಿ ಇನ್ನೊಬ್ಬ ವೈದ್ಯರಿಗೆ ತೋರಿಸಿ.

ಬಸಿರಿದ್ದರೆ ತಾಯಿ ಕಾರ್ಡ್ ಗಂಟಿನಲ್ಲಿ ಇಟ್ಟುಕೊಂಡೇ ಹೊರಡಿ. ಹೋದ ಊರಿನ ಆಶಾ ಕಾರ್ಯಕರ್ತೆಯನ್ನು ಮೊದಲ ವಾರವೇ ಹುಡುಕಿ. ಚುಚ್ಚುಮದ್ದು, ಕಬ್ಬಿಣದ ಮಾತ್ರೆ, ಅಂಗನವಾಡಿಯ ಆಹಾರ ಅಲ್ಲೂ ಸಿಗಬೇಕು. 'ನೀವು ಈ ಊರಿನವರಲ್ಲ' ಅಂದರೆ ಒಪ್ಪಬೇಡಿ, ಮೇಲ್ವಿಚಾರಕಿಯ ಹೆಸರು ಕೇಳಿ.

ಮಗಳಿಗೆ 12 ವರ್ಷ. ಕರಕೊಂಡು ಹೋಗ್ಲ್ಯಾ, ಬಿಟ್ಟು ಹೋಗ್ಲ್ಯಾ?

ಕರೆದುಕೊಂಡು ಹೋದರೆ ಅವಳು ತಮ್ಮನನ್ನು ಆಡಿಸುತ್ತಾಳೆ, ಒಲೆ ನೋಡುತ್ತಾಳೆ, ಮುಂದಿನ ಹಂಗಾಮಿಗೆ ಹೊರೆ ಕಟ್ಟುತ್ತಾಳೆ. ಗಂಡುಮಗನನ್ನು ಅಜ್ಜಿ ಹತ್ತಿರ ಬಿಟ್ಟು ಶಾಲೆಗೆ ಕಳಿಸಿ, ಮಗಳನ್ನು ಕೆಲಸಕ್ಕಾಗುತ್ತಾಳೆ ಅಂತ ಕರೆದೊಯ್ದ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ನಮ್ಮ ಮನೆಯೂ ಅದರಲ್ಲಿ ಒಂದು. ಐದನೇ ತರಗತಿಯ ಎರಡನೇ ಅರ್ಧ ನಾನು ಓದಲೇ ಇಲ್ಲ.

ನನ್ನ ಸಲಹೆ ಹಾಸ್ಟೆಲ್. ಆರನೇ ತರಗತಿಯಿಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ. ಗುಳೆ ಹೋದವರ ಮಕ್ಕಳಿಗೆ ಅಂತ ಋತುಮಾನದ ಹಾಸ್ಟೆಲ್ ನಡೆಸುವ ಯೋಜನೆಯೂ ಇದೆ. ಅದಕ್ಕೆ ಹಂಗಾಮು ಶುರುವಾಗುವ ಮೊದಲೇ ಮುಖ್ಯೋಪಾಧ್ಯಾಯರ ಹತ್ತಿರ ಕೇಳಬೇಕು. ಕರೆದುಕೊಂಡೇ ಹೋಗಬೇಕಾದರೆ ಅಲ್ಲಿನ ಸರಕಾರಿ ಶಾಲೆಗೆ ಹಾಕಿ. ಟಿಸಿ ಇಲ್ಲ ಅಂತ ಎಂಟನೇ ತರಗತಿವರೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೇ ಹೇಳುತ್ತದೆ. ಚಿಕ್ಕ ಕೂಸಿದ್ದು ನೀವು ಊರಲ್ಲೇ ಖಾತ್ರಿ ಕೆಲಸಕ್ಕೆ ಹೋಗುವುದಾದರೆ ಕೂಸುಗಳನ್ನು ನೋಡಿಕೊಳ್ಳುವ ಪಂಚಾಯ್ತಿಯ 'ಕೂಸಿನ ಮನೆ' ಇದೆಯಾ ಕೇಳಿ.

## ಊರಲ್ಲಿ ಉಳಿದವರು

ನನ್ನ ಗಂಡ ಗೋವಾದಾಗ ಅದಾನ. ನಾ ಎಲ್ಲೂ ಹೋಗಿಲ್ಲ. ನನಗೇನ್ ಸಂಬಂಧ?

ನೀವು ಊರಲ್ಲೇ ಇದ್ದೀರಿ, ಆದರೆ ನಿಮ್ಮ ಬದುಕು ಪೂರ್ತಿ ಬದಲಾಗಿದೆ ಅಲ್ವಾ? ಬಿತ್ತನೆ ನೀವೇ, ಎಮ್ಮೆ ನೀವೇ, ಮಾವನ ಗುಳಿಗೆ ನೀವೇ, ಸಂಘದ ಕಂತು ನೀವೇ. ಗಂಡಸರು ಊರು ಬಿಟ್ಟಷ್ಟೂ ಬೇಸಾಯ ಹೆಂಗಸರ ಹೆಗಲಿಗೆ ಬರುತ್ತದೆ. ಆದರೆ ಉತಾರಿಯಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಹೆಸರು ಗಂಡನದೋ ಮಾವನದೋ. ಬೆಳೆ ಸಾಲ, ಬೆಳೆ ವಿಮೆ, ಅತಿವೃಷ್ಟಿ ಪರಿಹಾರ ಎಲ್ಲ ಉತಾರಿ ಹಿಡಿದು ಬರುತ್ತವೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಎಷ್ಟೋ ಹೆಣ್ಣುಮಕ್ಕಳು ನೀರಲ್ಲಿ ನಿಂತು ದನ ಬಿಡಿಸಿದರು. ಆದರೆ ಹೊಲದ ಪರಿಹಾರ ಅಂದಾಗ ಎಲ್ಲರೂ ಉತಾರಿಯ ಹೆಸರನ್ನೇ ಹುಡುಕಿದರು.

ಜಂಟಿ ಹೆಸರು ಮಾಡಿಸಲು ಗಂಡ ಬದುಕಿದ್ದಾಗಲೇ ಮಾತಾಡಿ. ಇದು ಅಪಶಕುನದ ಮಾತಲ್ಲ. ಗಂಡ ತೀರಿಹೋಗಿದ್ದರೆ ವಾರಸಾ ಅರ್ಜಿ ತಡಮಾಡಬೇಡಿ, ಭಾವ-ಮೈದುನರು 'ಆಮೇಲೆ ನೋಡೋಣು' ಅಂದರೂ.

ರೇಶನ್ ಊರಾಗ, ಹೊಟ್ಟಿ ಅಲ್ಲಿ. ಹ್ಯಾಂಗ?

'ಒಂದು ದೇಶ ಒಂದು ಪಡಿತರ ಚೀಟಿ' ಯೋಜನೆಯಲ್ಲಿ ಯಾವ ಊರಿನ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳು ಕೊಟ್ಟು ಕೇಂದ್ರದ ಪಾಲು ಪಡೆಯಬಹುದು. ಒಂದಿಷ್ಟು ಅಲ್ಲಿ ಎತ್ತಿ, ಉಳಿದದ್ದನ್ನು ಮನೆಯವರು ಇಲ್ಲಿ ಎತ್ತಬಹುದು. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಕಾರ್ಡಿನಲ್ಲಿ ಯಜಮಾನಿ ಅಂತ ಇರುವವರಿಗೆ. ಅದು ಅತ್ತೆ ಆಗಿದ್ದರೆ ಗುಳೆ ಹೋದ ಸೊಸೆಗೆ ಬರುವುದಿಲ್ಲ. 2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಿಗೆ. ಪಣಜಿ, ಪುಣೆ ಬಸ್ಸಿಗೆ ಟಿಕೆಟ್ ತೆಗೆಸಬೇಕು. ಆದರೂ ಬೆಂಗಳೂರಲ್ಲಿರುವ ಹೆಣ್ಣುಮಕ್ಕಳು ಅವ್ವನಿಗೆ ಹುಷಾರಿಲ್ಲ ಅಂದಾಗ ಯಾರನ್ನೂ ದುಡ್ಡು ಕೇಳದೆ ಹೊರಟು ಬರುವುದನ್ನು ನೋಡಿ ನನಗೆ ಬಹಳ ಸಂತೋಷ ಆಗಿದೆ.

## ಇನ್ನಷ್ಟು ಆಳದ ಪ್ರಶ್ನೆಗಳು

ಗಂಡಸರಿಗೆ ತ್ರಾಸೇ ಇಲ್ಲೇನ್ರಿ?

ಇದೆ. 10 ಜನ ಒಂದು ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಬಿದ್ದರೆ, ಸತ್ತರೆ ಗುತ್ತಿಗೆದಾರನ ಫೋನ್ ಬಂದ್ ಆಗುತ್ತದೆ. 'ಗಂಡಸಾಗಿ ಬರಿಗೈಲಿ ಹೆಂಗ ಬಂದಿ' ಅಂತ ಊರು ಕೇಳುತ್ತದೆ ಅನ್ನುವ ಭಯಕ್ಕೆ ಜ್ವರದಲ್ಲೂ ದುಡಿಯುತ್ತಾರೆ, ಕುಡಿತಕ್ಕೆ ಬೀಳುತ್ತಾರೆ. 2000ದ ಆಸುಪಾಸಿನಲ್ಲಿ ನಮ್ಮ ಜಿಲ್ಲೆಗಳಲ್ಲಿ ಎಚ್‌ಐವಿ ಹೆಚ್ಚಿದ್ದಾಗ, ದೂರದ ಊರಿಂದ ಬಂದ ಗಂಡನಿಂದ ಮನೆ ಬಿಟ್ಟು ಹೋಗದ ಹೆಂಡತಿಗೂ ರೋಗ ಬಂತು. ಗಂಡಸಿನ ಕಷ್ಟ ಬೇರೆ ಅಲ್ಲ, ಹೆಂಗಸಿನ ಕಷ್ಟ ಬೇರೆ ಅಲ್ಲ ಅನ್ನುವವರಿಗೆ ನಾನು ಒಪ್ಪುತ್ತೇನೆ. ಆದರೆ ಭಾರ ಸಮ ಅಲ್ಲ.

ಮಂಗಳಮುಖಿಯರು, ಜೋಗಪ್ಪಗಳು ಊರು ಬಿಡೋದೂ ಇದರಾಗ ಬರ್ತದೇನು?

ಬರುತ್ತದೆ. ಅವರು ಬಿಡುವುದು ಕೂಲಿಗಾಗಿ ಮಾತ್ರ ಅಲ್ಲ, ಮನೆಯವರ ಹೊಡೆತಕ್ಕೆ. ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಜೋಗಪ್ಪ ಆದವರಿಗೆ ಹಳ್ಳಿಯಲ್ಲಿ ಒಂದು ಜಾಗ ಇದೆ, ಉಳಿದವರಿಗೆ ಅದೂ ಇಲ್ಲ. ನಗರದಲ್ಲಿ ಬಾಡಿಗೆ ಮನೆ ಸಿಗುವುದೇ ದೊಡ್ಡ ಹೋರಾಟ. ಕರ್ನಾಟಕ 2021ರಲ್ಲಿ ಇವರಿಗೆ ಸರಕಾರಿ ನೌಕರಿಯಲ್ಲಿ ಶೇ. 1 ಮೀಸಲಾತಿ ಕೊಟ್ಟಿದೆ.

ಆಲಮಟ್ಟಿ ಮುಳುಗಡೆಯಾಗಿ ಬಂದವರೂ ವಲಸಿಗರಾ?

ಖಂಡಿತ. 1964ರಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟೆಗಾಗಿ ಹಳೇ ಬಾಗಲಕೋಟೆಯ ದೊಡ್ಡ ಭಾಗ, ನದಿ ದಂಡೆಯ ಹಳ್ಳಿಗಳು ಎದ್ದವು. ನವನಗರ, ಪುನರ್ವಸತಿ ಕೇಂದ್ರಗಳು ಹುಟ್ಟಿದವು. ಹೊಲದ ಪರಿಹಾರ ಹೋಗಿದ್ದು ಖಾತೆದಾರನಿಗೆ. ಕೂಲಿ ಮಾಡುತ್ತಿದ್ದ, ಹೊಳೆದಂಡೆಯಲ್ಲಿ ಸೊಪ್ಪು-ಬದನೆ ಬೆಳೆದು ಸಂತೆಗೆ ಒಯ್ಯುತ್ತಿದ್ದ ಹೆಂಗಸಿಗೆ ಖಾತೆ ಎಲ್ಲಿತ್ತು? ಅವಳ ದುಡಿಮೆ ಮುಳುಗಿತು, ಲೆಕ್ಕಕ್ಕೆ ಬರಲಿಲ್ಲ. ಕೃಷ್ಣಾ ಜಲವಿವಾದದ 2010ರ ನ್ಯಾಯಮಂಡಳಿ ತೀರ್ಪು 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿದೆ. ಅಂದರೆ ಇನ್ನೂ ಹಳ್ಳಿಗಳು ಏಳಬೇಕು. ಈ ಸಲವಾದರೂ ಪರಿಹಾರದ ಖಾತೆ ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಆಗಲಿ ಅಂತ ಗ್ರಾಮಸಭೆಯಲ್ಲಿ ಈಗಲೇ ಠರಾವು ಮಾಡಿಸಿ.

ಪರ ಊರಾಗ ಯಾರರೆ ಮೈ ಮುಟ್ಟಿದ್ರ, ಗಂಡ ಹೊಡದ್ರ, ದೂರು ಎಲ್ಲಿ ಕೊಡೋದು?

ಕಂಪ್ಲೇಂಟ್‌ಗಾಗಿ ಊರಿಗೆ ಬರಬೇಕಾಗಿಲ್ಲ. ಯಾವ ಠಾಣೆಯಲ್ಲಾದರೂ ಎಫ್‌ಐಆರ್ ಬರೆಸಬಹುದು, 'ನಮ್ಮ ಹದ್ದಿಗೆ ಬರಲ್ಲ' ಅನ್ನುವಂತಿಲ್ಲ. ಗಂಡನ ಹೊಡೆತಕ್ಕೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ನೀವು ತಾತ್ಕಾಲಿಕವಾಗಿ ಇರುವ ಊರಿನ ಕೋರ್ಟಿನಲ್ಲೂ ಅರ್ಜಿ ಹಾಕಬಹುದು, ಗುಡಿಸಲಲ್ಲಿ ಇದ್ದರೂ ಸರಿ. ಮಾಲೀಕ, ಇಲ್ಲ ಟೋಳಿ ಕರೆದೊಯ್ಯುವ ಮುಕಾದಮ್ ಕೈಹಾಕಿದರೆ ಪ್ರತಿ ಜಿಲ್ಲೆಯಲ್ಲೂ 2013ರ ಕಾಯ್ದೆಯಡಿ ಸ್ಥಳೀಯ ದೂರು ಸಮಿತಿ ಇದೆ. ಮೂರು ತಿಂಗಳೊಳಗೆ ಕೊಡಬೇಕು. ಬರೆಯಲು ಬರದಿದ್ದರೆ ಸಮಿತಿಯವರೇ ಬರೆದುಕೊಳ್ಳಬೇಕು. ತಕ್ಷಣಕ್ಕೆ 112, ಹೆಣ್ಣುಮಕ್ಕಳಿಗೆ 181.

ಅಕ್ಕಾರ, ಮುಂಗಡದ ಚೀಟಿಯೊಳಗ ನನ್ನ ಹೆಸರೂ ಬರೆಸಲೇನು?

ಬೇಡ. ಇದನ್ನು ನಾನು ಬಹಳ ಯೋಚಿಸಿ ಹೇಳುತ್ತಿದ್ದೇನೆ. ಹೆಸರು ಬರಲಿ ಅಂತ ಹೇಳುತ್ತಲೇ ಬಂದವಳು ಇಲ್ಲಿ ಬೇಡ ಅನ್ನುತ್ತೇನೆ. ಸಾಲದ ಚೀಟಿಯಲ್ಲಿ ಹೆಸರು ಬಂದರೆ ಹೊಣೆ ಬರುತ್ತದೆ, ದುಡ್ಡು ಬರುವುದಿಲ್ಲ. ನಿಮ್ಮ ಹೆಸರು ಬೇಕಾಗಿರುವುದು ಕೂಲಿಯ ವಹಿಯಲ್ಲಿ. ದಿನಕ್ಕೆ ಎಷ್ಟು ಟನ್, ಯಾವ ಗಾಡಿ, ಯಾರ್ಯಾರು ತುಂಬಿದರು ಅಂತ ಒಂದು ಪುಟ್ಟ ನೋಟ್‌ಬುಕ್ ನೀವೇ ಇಡಿ. ಬರೆಯಲು ಮಗಳಿಗೆ ಹೇಳಿ.

ನಮ್ಮ ಪಕ್ಕದ ತಾಂಡಾದ ಆರು ಜೋಡಿ ಹೋದ ಹಂಗಾಮಿಗೆ ಹೊರಡುವ ಮೊದಲು ಒಟ್ಟಿಗೆ ನಿಂತು ಒಂದು ಮಾತು ಕೇಳಿದರು: ಕೊನೆಯ ಲೆಕ್ಕದಲ್ಲಿ ಅರ್ಧ ಹೆಂಡತಿಯ ಬ್ಯಾಂಕ್ ಖಾತೆಗೆ. ಮುಕಾದಮ್ ನಕ್ಕ. ಅವರು ಗಂಟು ಇಳಿಸಿ ಕೂತರು. ಟ್ರ್ಯಾಕ್ಟರ್ ಎರಡು ತಾಸು ಕಾದು ನಿಂತಿತು. ಆಮೇಲೆ ಅವನೇ ಪೆನ್ನು ತೆಗೆದು ಆರು ಹೆಣ್ಣುಮಕ್ಕಳ ಪಾಸ್‌ಬುಕ್ ನಂಬರ್ ಬರೆದುಕೊಂಡ. ಏಪ್ರಿಲ್‌ನಲ್ಲಿ ನಾಲ್ವರ ಖಾತೆಗೆ ದುಡ್ಡು ಬಂತು. ಇನ್ನಿಬ್ಬರದಕ್ಕೆ ಓಡಾಡುತ್ತಿದ್ದೇವೆ.